ನಿಂತವರ ಜೊತೆ ನಿಲ್ಲುವವರು

ಮನೆ ಮಾರಿ, ಸಾಮಾನು ಹಂಚಿ, ಹಾಸಿಗೆ-ಒಲೆ ಎಲ್ಲ ಇರುವ ದೊಡ್ಡ ಗಾಡಿಯೊಂದನ್ನು ಕೊಂಡು ವರ್ಷವಿಡೀ ರಸ್ತೆಯಲ್ಲೇ ಬದುಕುವ ಮಂದಿ ಅಮೆರಿಕದಲ್ಲಿ ತುಂಬಾ ಇದ್ದಾರೆ. ‘ನೊಮ್ಯಾಡ್‌ಲ್ಯಾಂಡ್’ ಸಿನಿಮಾ ನೋಡಿದವರಿಗೆ ಇವರ ಪರಿಚಯ ಇದ್ದೇ ಇರುತ್ತೆ. ಇಂಥವರಿಗಾಗಿ ಜೋ ಮತ್ತು ಕೇ ಪೀಟರ್ಸನ್ ಎಂಬ ದಂಪತಿ 1978ರಲ್ಲಿ ‘ಎಸ್ಕೇಪೀಸ್’ ಅಂತ ಒಂದು ಕ್ಲಬ್ ಕಟ್ಟಿದರು. ಅದರೊಳಗೆ ಮತ್ತೆ ಸಣ್ಣ ಸಣ್ಣ ಬಳಗಗಳು. ಹ್ಯಾಮ್ ರೇಡಿಯೊ ಹುಚ್ಚಿನವರದ್ದೊಂದು, ಒಂಟಿಯಾಗಿ ತಿರುಗುವವರದ್ದೊಂದು, ಕರೆಂಟು-ನೀರಿನ ಸಂಪರ್ಕ ಇಲ್ಲದ ಬಯಲಲ್ಲಿ ಗಾಡಿ ನಿಲ್ಲಿಸೋದೇ ಇಷ್ಟ ಅನ್ನುವವರದ್ದೊಂದು. ಅಕ್ಕಪಕ್ಕದ ಮನೆ ಅಂತ ಇಲ್ಲದವರು ಅಭಿರುಚಿಯ ಮೇಲೆ ನೆರೆಹೊರೆ ಕಟ್ಟಿಕೊಂಡಿದ್ದಾರೆ.

ಅಲ್ಲೇ ‘ಲೋನರ್ಸ್ ಆನ್ ವೀಲ್ಸ್’ ಅಂತ ಇನ್ನೊಂದು ಕ್ಲಬ್ ಇದೆ. ಅದು ಒಂಟಿ ಪ್ರಯಾಣಿಕರಿಗೆ ಮಾತ್ರ. ಸದಸ್ಯರಿಬ್ಬರು ಜೋಡಿಯಾದರೆ ಕ್ಲಬ್ ಬಿಡಬೇಕು. ಮೊದಲ ಸಲ ಈ ನಿಯಮ ಓದಿದಾಗ ನಗು ಬಂತು. ಆಮೇಲೆ ಅದು ತಲೆಯಲ್ಲೇ ಉಳೀತು. ಒಂದು ಇಷ್ಟಕ್ಕಾಗಿ ಸೇರಿದ ಗುಂಪಿನಲ್ಲಿ ಆ ಇಷ್ಟದ ಕಾರಣ ಮುಗಿದ ದಿನ ನಮ್ಮ ಜಾಗವೂ ಮುಗಿಯಬೇಕಾ? ಪ್ರಯಾಣವೇ ನಮ್ಮನ್ನು ಸೇರಿಸಿದ್ದಾದರೆ, ಸ್ಟೀರಿಂಗ್ ಹಿಡಿಯಲಾಗದ ದಿನ ನಾವು ಆ ಗುಂಪಿಗೆ ಏನಾಗ್ತೀವಿ?

ಈ ಪ್ರಶ್ನೆ ನನಗೆ ದೂರದ್ದು ಅನ್ನಿಸಲಿಲ್ಲ, ಯಾಕಂದ್ರೆ ನಾನು ಬೀದರ್ ಕಡೆಯ ಮನುಷ್ಯ. ಗಾಡಿಯೇ ಮನೆಯಾದವರನ್ನು ನೋಡಲು ನಮಗೆ ಅಮೆರಿಕ ಬೇಕಿಲ್ಲ. ಕೊಳಾರ ಕೈಗಾರಿಕಾ ಪ್ರದೇಶದ ರಸ್ತೆ ಬದಿ ಲೋಡಿಗಾಗಿ ಕಾಯುತ್ತ ನಿಂತ ಲಾರಿಗಳ ನೆರಳಲ್ಲಿ ಸ್ಟವ್ ಹಚ್ಚಿ ಅನ್ನ ಬೇಯಿಸುವ ಡ್ರೈವರು, ಕ್ಲೀನರುಗಳನ್ನು ನೋಡುತ್ತಲೇ ಬೆಳೆದವರು ನಾವು. “ಊರು ಯಾವುದ್ರಿ?” ಅಂತ ಕೇಳಿದರೆ ಒಬ್ಬರು, “ಗಾಡಿ ಎಲ್ಲಿ ನಿಂತದ, ಅದೇ ನಮ್ಮೂರು” ಅಂದಿದ್ದರು. ಇದೇ ಮಾತು ವ್ಯಾನ್ ಹಿಂದೆ ಸ್ಟಿಕ್ಕರ್ ಆಗಿ ಅಂಟಿದ್ದರೆ ಚಂದ ಕಾಣುತ್ತೆ. ಅವರ ಬಾಯಲ್ಲಿ ಅದು ಬರೀ ಉತ್ತರ.

ಔರಾದ್ ಕಡೆ ಹೋದರೆ ತಾಂಡಾಗಳು. ಇವತ್ತು ತಾಂಡಾ ಅಂದರೆ ಲಂಬಾಣಿಗರ ಊರು. ಹಿಂದೆ ಅದೇ ಮಾತು ಎತ್ತುಗಳ ಬೆನ್ನ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ದಖನ್ನಿನ ಉದ್ದಗಲ ನಡೆದ ತಂಡದ ಹೆಸರಾಗಿತ್ತು. ಆ ಸಾಗಾಟಕ್ಕೆ ಲದೇಣಿ ಅಂತಿದ್ದರು. ತಾಂಡಾಕ್ಕೊಬ್ಬ ನಾಯಕ, ಒಬ್ಬ ಕಾರಭಾರಿ, ಜಗಳ ಬಿಡಿಸಲು ಪಂಚಾಯ್ತಿ. ಊರೇ ನಡೀತಿತ್ತು. ರೈಲು ಬಂದ ಮೇಲೆ ಲದೇಣಿ ನಿಂತಿತು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಬಂದ ಮೇಲೆ, ತಿರುಗುವ ಜನ ಅಂದರೆ ಅನುಮಾನದಿಂದಲೇ ನೋಡುವ ಕಣ್ಣು ಕಾನೂನಿಗೂ ಬಂತು. ಆ ಕಾಯ್ದೆ ರದ್ದಾದದ್ದು 1952ರಲ್ಲಿ.

ಇಲ್ಲಿ ಒಂದು ಹೋಲಿಕೆ ನನ್ನನ್ನು ಚುಚ್ಚುತ್ತದೆ. ಎಸ್ಕೇಪೀಸ್ ಸದಸ್ಯರು ಶುಲ್ಕ ಕಟ್ಟಿದರೆ ಟೆಕ್ಸಸ್‌ನ ಲಿವಿಂಗ್‌ಸ್ಟನ್‌ನಲ್ಲಿ ಒಂದು ವಿಳಾಸ ಸಿಗುತ್ತೆ. ಟಪಾಲು ಅಲ್ಲಿಗೆ ಬಂದು, ಅವರು ಇರುವ ಕಡೆ ಹೋಗುತ್ತೆ. ಡ್ರೈವಿಂಗ್ ಲೈಸೆನ್ಸಿಗೂ ಅದೇ ವಿಳಾಸ ನಡೆಯುತ್ತೆ. ನಮ್ಮಲ್ಲಿ ನಡೆಯುವುದನ್ನು ಬಿಟ್ಟು ತಲೆಮಾರುಗಳೇ ಕಳೆದ ತಾಂಡಾಗಳು ಕಂದಾಯ ದಾಖಲೆಯಲ್ಲಿ ಊರು ಅನ್ನಿಸಿಕೊಳ್ಳಲು ಕಾಯಬೇಕಾಯಿತು. ಬೀದರ್ ಸೇರಿ ಐದು ಜಿಲ್ಲೆಗಳ ಸುಮಾರು 50,000 ಕುಟುಂಬಗಳಿಗೆ ಹಕ್ಕುಪತ್ರ ಕೊಡುವ ಕಾರ್ಯಕ್ರಮ ಮಳಖೇಡದಲ್ಲಿ ನಡೆದದ್ದು 2023ರ ಜನವರಿ 19ರಂದು. ಒಬ್ಬರಿಗೆ ತಿರುಗಾಟ ಜೀವನಶೈಲಿ, ಇನ್ನೊಬ್ಬರಿಗೆ ನಿಂತ ಮೇಲೂ ಬಿಡದ ಕಳಂಕ.

ಇನ್ನೊಂದು ಗುಂಪು ಕಬ್ಬು ಕಡಿಯುವವರದ್ದು. ಮಳೆಗಾಲ ಮುಗಿದು ಕಾರ್ಖಾನೆಗಳು ಶುರುವಾದರೆ ಮರಾಠವಾಡದಿಂದ ಕಬ್ಬು ಕಡಿಯುವ ಟೋಳಿಗಳು ಹೊರಡುತ್ತವೆ. ಐದಾರು ತಿಂಗಳು ಹೊಲದ ಬದಿಯ ಗುಡಿಸಲೇ ಮನೆ. ಗಂಡ-ಹೆಂಡತಿ ಸೇರಿದರೆ ಒಂದು ‘ಕೊಯ್ತಾ’, ಅಂದರೆ ಒಂದು ಕುಡುಗೋಲು. ಮುಕಾದಮ ಮೊದಲೇ ಮುಂಗಡ ಕೊಟ್ಟಿರುತ್ತಾನೆ. ಒಬ್ಬರಿಗೆ ಜ್ವರ ಬಂದು ಕೆಲಸಕ್ಕೆ ಹೋಗದಿದ್ದರೆ ‘ಖಾಡಾ’ ಅಂತ ಹಣ ಕಡಿತ. ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಣ್ಣುಮಕ್ಕಳಲ್ಲಿ ಸಣ್ಣ ವಯಸ್ಸಿಗೇ ಗರ್ಭಕೋಶ ತೆಗೆಸಿಕೊಂಡವರು ಇಷ್ಟೊಂದು ಮಂದಿ ಯಾಕೆ ಅನ್ನುವುದು 2019ರಲ್ಲಿ ದೊಡ್ಡ ಸುದ್ದಿಯಾಗಿ, ಮಹಾರಾಷ್ಟ್ರ ಸರ್ಕಾರ ಸಮಿತಿ ನೇಮಿಸಿತು. ಮುಟ್ಟು, ಹೊಟ್ಟೆನೋವು ಅಂತ ಒಂದು ದಿನ ನಿಂತರೂ ಕೂಲಿ ಹೋಗುತ್ತೆ ಅನ್ನುವ ಭಯವೂ ಆ ಚರ್ಚೆಯಲ್ಲಿ ಎದ್ದು ಕಂಡಿತು. ಟೋಳಿಯೂ ಜೊತೆಯಾಗಿ ಪ್ರಯಾಣ ಮಾಡುವ ಗುಂಪೇ. ಆದರೆ ಅದರ ಲೆಕ್ಕದಲ್ಲಿ ನಿಲ್ಲುವುದು ಅಪರಾಧ.

ಹೀಗೆ ನೋಡಿದರೆ ಇಷ್ಟ, ಹುಟ್ಟು, ಸಾಲ, ಮೂರೂ ಜನರನ್ನು ಕಟ್ಟಿ ರಸ್ತೆಗಿಳಿಸುತ್ತವೆ. ಸಾಲದ ಗುಂಪನ್ನು ಸಮರ್ಥಿಸುವವರು ಯಾರೂ ಇಲ್ಲ. ಹುಟ್ಟಿನ ಗುಂಪು ಕಷ್ಟಕ್ಕೆ ಆಗುತ್ತೆ ಅಂತ ನಾವೆಲ್ಲ ಹೇಳುತ್ತೇವೆ, ಹೌದು, ಆಗುತ್ತೆ. ಆದರೆ ಕಾಯಿಲೆ ಬಿದ್ದಾಗ ಹಾಸಿಗೆ ಪಕ್ಕ ಕೂರುವ ಅದೇ ಮಂದಿ, ಮದುವೆ ಯಾರ ಜೊತೆ ಅಂತಲೂ ತೀರ್ಮಾನಿಸುತ್ತಾರೆ. ಭಾಲ್ಕಿಯಿಂದಲೋ ಬೀದರಿನಿಂದಲೋ ಹೈದರಾಬಾದಿಗೆ, ಬೆಂಗಳೂರಿಗೆ ಬಂದವರಲ್ಲಿ ಎಷ್ಟೋ ಜನ ಕೆಲಸಕ್ಕಾಗಿ ಮಾತ್ರ ಬಂದವರಲ್ಲ. ಆ ಹಿಡಿತದಿಂದ ಸ್ವಲ್ಪ ಉಸಿರಾಡಲೂ ಬಂದವರು. ಅವರಿಗೆ ಟ್ರೆಕ್ಕಿಂಗ್ ಗುಂಪು, ಬೈಕ್ ಗುಂಪು ಬರೀ ಟೈಂಪಾಸ್ ಅಲ್ಲ. ಜಾತಿ ಕೇಳದೆ ಒಂದೇ ಟೆಂಟಿನಲ್ಲಿ ಮಲಗಲು ಸಿಕ್ಕ ಮೊದಲ ಜಾಗ ಅದು. ಆ ಹಗುರತನವನ್ನು ಯಾರಾದರೂ ಲೇವಡಿ ಮಾಡಿದರೆ ನನಗೆ ಸಿಟ್ಟು ಬರುತ್ತೆ.

ಆದರೂ ಹಗುರತನಕ್ಕೆ ಒಂದು ಬೆಲೆ ಇದೆ. ಅದನ್ನು ಕೊಡುವವರು ನಡೆಯುತ್ತಿರುವವರಲ್ಲ, ನಿಂತವರು. ಬೆನ್ನು ನೋವಾದವರು, ಮಗು ಆದವರು, ಅಪ್ಪನಿಗೆ ಡಯಾಲಿಸಿಸ್ ಮಾಡಿಸಬೇಕಾದವರು. ಅವರನ್ನು ಯಾರೂ ಗುಂಪಿನಿಂದ ತೆಗೆಯೋದಿಲ್ಲ. ಮುಂದಿನ ಟ್ರಿಪ್ಪಿನ ಫೋಟೊಗಳು ಅವರಿಗೂ ಬರುತ್ತಲೇ ಇರುತ್ತವೆ, ಅಷ್ಟೇ.

ಎಸ್ಕೇಪೀಸ್‌ನವರು ಈ ಪ್ರಶ್ನೆಯನ್ನು ಗಂಭೀರವಾಗಿ ತಗೊಂಡರು ಅನ್ನೋದು ನನಗೆ ಹಿಡಿಸಿದ ಸಂಗತಿ. ಲಿವಿಂಗ್‌ಸ್ಟನ್‌ನಲ್ಲಿ ಅವರು ‘ಕೇರ್’ ಅನ್ನುವ ಕೇಂದ್ರ ಕಟ್ಟಿದ್ದಾರೆ. ವಯಸ್ಸಾಗಿ, ಕಾಯಿಲೆಯಾಗಿ ಇನ್ನು ಓಡಿಸಲು ಆಗದು ಅನ್ನುವ ಸದಸ್ಯರು ತಮ್ಮ ಗಾಡಿಯನ್ನು ಅಲ್ಲಿ ನಿಲ್ಲಿಸಿ ಅದರಲ್ಲೇ ಇರಬಹುದು. ಊಟ, ಸ್ವಚ್ಛತೆ, ಹಗಲು ಹೊತ್ತಿನ ಆರೈಕೆ ಅಲ್ಲೇ ಸಿಗುತ್ತೆ. ಅದಕ್ಕೆ ದುಡ್ಡು ಕೊಡಬೇಕು, ಸ್ವರ್ಗವೇನಲ್ಲ. ಆದರೆ ಓಡಾಟಕ್ಕಾಗಿ ಹುಟ್ಟಿದ ಕ್ಲಬ್ಬು ಓಡಲಾಗದವರಿಗಾಗಿ ಜಮೀನು, ಸಿಬ್ಬಂದಿ, ವೇಳಾಪಟ್ಟಿ ಇಟ್ಟುಕೊಂಡಿತಲ್ಲ. ಪ್ರೀತಿ ತಾನಾಗಿ ಹುಟ್ಟಬಹುದು, ಆರೈಕೆ ತಾನಾಗಿ ಆಗೋದಿಲ್ಲ. ಯಾರಾದರೂ ಕೂತು ವ್ಯವಸ್ಥೆ ಮಾಡಬೇಕು.

ನಮ್ಮ ನೆಲಕ್ಕೆ ಇದು ಹೊಸ ವಿಚಾರವೂ ಅಲ್ಲ. ಹನ್ನೆರಡನೇ ಶತಮಾನದ ಕಲ್ಯಾಣ ಇರೋದು ಇದೇ ಜಿಲ್ಲೆಯಲ್ಲಿ. ಜಂಗಮದ ಬಗ್ಗೆ ನಾವು ಬಹಳ ಮಾತಾಡುತ್ತೇವೆ. ತಿರುಗುವ ಜಂಗಮನಿಗೆ ಅನ್ನ ಇಟ್ಟ ದಾಸೋಹದ ಮನೆಗಳ ಬಗ್ಗೆ ಅಷ್ಟು ಮಾತಾಡೋದಿಲ್ಲ. ಬೀದರಿನ ಗುರುನಾನಕ್ ಝೀರಾಕ್ಕೆ ಹೋಗಿ ನೋಡಿ. ದೇಶ ಸುತ್ತುತ್ತಿದ್ದ ಗುರು ಇಲ್ಲಿ ತಂಗಿದಾಗ ಬಂಡೆಯಿಂದ ಸಿಹಿನೀರು ಚಿಮ್ಮಿತು ಅನ್ನುವುದು ಅಲ್ಲಿನ ನಂಬಿಕೆ. ಇವತ್ತಿಗೂ ನಾಂದೇಡದಿಂದ ಬರುವ ಯಾತ್ರಿಕರು, ದಾರಿಹೋಕರು ಒಂದೇ ಸಾಲಲ್ಲಿ ಕೂತು ಲಂಗರಿನಲ್ಲಿ ಉಣ್ಣುತ್ತಾರೆ. ಯಾವ ಗುಂಪಿನವರು ಅಂತ ಯಾರೂ ಕೇಳೋದಿಲ್ಲ. ಆದರೆ ರೊಟ್ಟಿ ಬೇಯಿಸಲು ಯಾರೋ ಅಲ್ಲೇ ಇರಬೇಕು, ನಾಳೆಯೂ.

ಈಗ ಬೆಂಗಳೂರಿನಲ್ಲಿ ನನ್ನ ಗೆಳೆಯರು ನಾಲ್ವರು ಸೇರಿ ಒಂದು ಹಳೇ ಟೆಂಪೊ ಟ್ರಾವೆಲರ್ ಕೊಂಡು, ಒಳಗೆ ಮಂಚ ಹಾಕಿಸಿ, ಲ್ಯಾಪ್‌ಟಾಪಿನ ಕೆಲಸ ಮಾಡುತ್ತಲೇ ವರ್ಷಪೂರ್ತಿ ತಿರುಗುವ ಲೆಕ್ಕ ಹಾಕುತ್ತಿದ್ದಾರೆ. ಸೋಲಾರ್ ಪ್ಯಾನೆಲ್, ಇನ್ವರ್ಟರ್, ನೀರಿನ ಟ್ಯಾಂಕ್, ಎಲ್ಲದಕ್ಕೂ ಎಕ್ಸೆಲ್ ಶೀಟಿನಲ್ಲಿ ಒಂದೊಂದು ಸಾಲು. ನನ್ನನ್ನೂ ಕರೆದರು. ಬರ್ತೀನಿ ಅಂದೆ, ಆದರೆ ಇನ್ನೊಂದು ಸಾಲು ಸೇರಿಸಿ ಅಂದೆ. ಒಬ್ಬರು ಮಲಗಿಬಿಟ್ಟರೆ ಗಾಡಿ ಎಷ್ಟು ದಿನ ನಿಲ್ಲುತ್ತೆ, ಜೊತೆಗೆ ಯಾರು ಉಳೀತಾರೆ, ಆ ಖರ್ಚು ಯಾವ ದುಡ್ಡಿನಿಂದ. “ಹೊರಡೋಕೂ ಮುಂಚೆ ಅಪಶಕುನ ಯಾಕೋ” ಅಂದ ಒಬ್ಬ. ಇನ್ನೊಬ್ಬಳು ಸುಮ್ಮನೆ ಕೂತಿದ್ದವಳು, “ಹದಿನೈದು ದಿನ ಅಂತ ಬರಿ, ಆಮೇಲೆ ಮತ್ತೆ ಕೂತು ಮಾತಾಡೋಣ” ಅಂದಳು. ಶೀಟಿನಲ್ಲಿ ಈಗ ಹಾಗೇ ಇದೆ.