ತೇವದ ಹವೆಯಲ್ಲಿ ಬಯಲಿನ ಹೊಗೆ

ಶ್ರಾವಣದ ಜಿಟಿಜಿಟಿ ಮಳೆ ನಿಂತಿತ್ತು. ಗಾಳಿ ಇನ್ನೂ ಎದ್ದಿರಲಿಲ್ಲ. ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವ ದಾರಿಯಲ್ಲಿ ಕುಂಭಾರಿಯ ಆಚೆಗೆ, ಒಂದು ಬೇವಿನ ಮರದ ಕೆಳಗೆ, ನಾವಿಬ್ಬರು ಶಿಕ್ಷಕರು ಬಸ್ಸಿನ ದಾರಿ ಕಾಯುತ್ತ ನಿಂತಿದ್ದೆವು. ನನ್ನ ಜೊತೆಗಿದ್ದ ಹಿರಿಯರಿಗೆ ಚುಟ್ಟಾ ಸೇದುವ ರೂಢಿ. ಅಂದು ನಾಲ್ಕು ಕಡ್ಡಿ ಗೀರಿದರೂ ಅದು ನೆಟ್ಟಗೆ ಹೊತ್ತಲಿಲ್ಲ. ಒಂದು ಮಗ್ಗುಲು ಉರಿದರೆ ಇನ್ನೊಂದು ಮಗ್ಗುಲು ಕಪ್ಪಗೆ ಉಳಿಯುವುದು. ಕಡೆಗೂ ಹೊತ್ತಿಕೊಂಡಾಗ ಬಂದ ಹೊಗೆ ಮೇಲಕ್ಕೆ ಹೋಗದೆ ನಮ್ಮ ಸುತ್ತಲೇ ತೂಗಾಡುತ್ತ ನಿಂತಿತು. ಮರದ ಆಚೆ ಬದಿಗೆ ನಮ್ಮ ಶಾಲೆಯ ಇಬ್ಬರು ಹುಡುಗಿಯರಿದ್ದರು. ಅವರಲ್ಲೊಬ್ಬಳು ಓಢಣಿಯ ತುದಿಯನ್ನು ಮೂಗಿಗೆ ಹಿಡಿದಳು. ನಾನು ಕಣ್ಣಸನ್ನೆಯಿಂದ ಅದನ್ನು ತೋರಿಸಲು, ಹಿರಿಯರು ನಕ್ಕು, "ಬಯಲಾಗ ನಿಂತೀನ್ರಿ ಮಾಸ್ತರ. ಬಯಲು ಎಲ್ಲಾ ನುಂಗ್ತದ. ಇವತ್ತ ಹವಾ ತಂಪ ಅದ, ಅಷ್ಟ" ಎಂದರು.

ಅವರ ಮಾತಿನ ಎರಡನೆಯ ಭಾಗ ಶಾಸ್ತ್ರಕ್ಕೆ ಸಮ್ಮತವಾದುದೇ. ತಂಬಾಕಿನ ಎಲೆಗೆ ಹವೆಯೊಳಗಿನ ತೇವವನ್ನು ಹೀರುವ ಗುಣವಿದೆ. ಸಿಗಾರುಗಳನ್ನು ಜೋಪಾನಮಾಡುವವರು ನೂರಕ್ಕೆ ಸುಮಾರು 70ರಷ್ಟು ಆರ್ದ್ರತೆಯಿರುವ ಪೆಟ್ಟಿಗೆಗಳಲ್ಲಿ ಅವನ್ನು ಇಡುತ್ತಾರೆ. ನಮ್ಮ ಸೊಲ್ಲಾಪುರ ಸೀಮೆಯ ಬೇಸಿಗೆಯಲ್ಲಿ ಹೊದಿಕೆಯ ಎಲೆ ಒಣಗಿ ಬಿರಿಯುತ್ತದೆ. ಮಳೆಗಾಲದಲ್ಲಿ ಒಳಗಿನ ಎಲೆ ಉಬ್ಬಿ ಹೊಗೆಯ ದಾರಿಯನ್ನು ಕಟ್ಟುತ್ತದೆ. ಮೇಲಾಗಿ, ಕುದಿಯುವ ಒಂದು ಗ್ರಾಮು ನೀರು ಆವಿಯಾಗಬೇಕಾದರೆ ಸುಮಾರು 540 ಕೆಲೊರಿ ಶಾಖ ಬೇಕು. ತೇವದ ಎಲೆಯ ಕೆಂಡವು ತನ್ನ ಶಾಖದ ಒಂದು ಪಾಲನ್ನು ಈ ನೀರಿಗೇ ತೆರಬೇಕಾಗುತ್ತದೆ. ಹೊಗೆಯೊಳಗಿನ ಸೂಕ್ಷ್ಮ ಕಣಗಳೂ ತೇವವನ್ನು ಹೀರಿ ದಪ್ಪವಾಗುವುದರಿಂದ ಬೆಳಕನ್ನು ಹೆಚ್ಚು ಚದುರಿಸುತ್ತವೆ. ಆದಕಾರಣ ಅದೇ ಹೊಗೆ ಹೆಚ್ಚು ಬೆಳ್ಳಗೆ, ಹೆಚ್ಚು ದಟ್ಟವಾಗಿ ಕಾಣುತ್ತದೆ. ತೇವದ ಹವೆ ಭಾರವಾಗಿರುವುದರಿಂದ ಹೊಗೆ ಕೆಳಗೆ ಕೂಡುತ್ತದೆಂದು ಮಾತ್ರ ವಿದ್ಯಾರ್ಥಿಗಳು ಬರೆಯಬಾರದು. ನೀರಿನ ಅಣುಭಾರ 18. ಒಣಹವೆಯದು ಸರಾಸರಿ 29. ಉಳಿದುದೆಲ್ಲ ಸಮವಾಗಿರಲು ತೇವದ ಹವೆಯೇ ಹಗುರ. ಅಂದು ಹೊಗೆ ನಿಂತದ್ದು ಗಾಳಿಯಿಲ್ಲದ ಕಾರಣದಿಂದ.

ಆದರೆ ನನ್ನನ್ನು ಕಾಡಿದ್ದು ಮಾತಿನ ಮೊದಲ ಭಾಗ. ಬಯಲು ಎಲ್ಲವನ್ನೂ ನುಂಗುತ್ತದೆಯೆ? ನುಂಗಿದರೆ, ನುಂಗಿಸಿದವನ ಹೊಣೆಯೂ ಅದರೊಡನೆ ಕರಗುತ್ತದೆಯೆ?

ಕಾಯಿದೆಯು ಹಿರಿಯರ ಪಕ್ಷವನ್ನು ಬಹುಮಟ್ಟಿಗೆ ವಹಿಸುವಂತಿದೆ. 2003ರ ತಂಬಾಕು ನಿಯಂತ್ರಣ ಕಾಯಿದೆಯು ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ನಿಷೇಧಿಸಿತು. ಆದರೆ ತೆರೆದ ಬಯಲನ್ನು ಆ ಸ್ಥಳಗಳ ಲೆಕ್ಕದಿಂದ ಬಿಟ್ಟಿತು. 2008ರ ನಿಯಮಗಳು ಬಸ್ ನಿಲುಗಡೆಯನ್ನು ಸೇರಿಸಿದವು. ಫಲಕವಿಲ್ಲದ, ಕೈಮಾಡಿದರೆ ಮಾತ್ರ ಬಸ್ಸು ನಿಲ್ಲುವ ನಮ್ಮ ಬೇವಿನ ಮರವು ನಿಲುಗಡೆಯೋ ಬಯಲೋ ಎಂಬುದನ್ನು ವಕೀಲರೇ ಹೇಳಬೇಕು. ಶಾಲೆಯಿಂದ ನೂರು ಗಜದೊಳಗೆ ತಂಬಾಕು ಮಾರಬಾರದೆಂಬ ಕಟ್ಟಳೆಯೂ ಇದೆ. ಗಾಳಿಗೆ ಗಜದ ಲೆಕ್ಕ ಬಾರದು.

ನ್ಯಾಯವಾಗಿ ಒಪ್ಪಬೇಕಾದ ಮಾತೊಂದುಂಟು. ಬಯಲಿನಲ್ಲಿ ಹೊಗೆಯ ಕೇಡು ನಿಜವಾಗಿಯೂ ತಗ್ಗುತ್ತದೆ. ನಾಲ್ಕಾರು ಹೆಜ್ಜೆ ದೂರ ಸರಿದವನಿಗೆ ಅದು ಬಹಳ ತೆಳುವಾಗಿ ಮುಟ್ಟುತ್ತದೆ. ಬಾಗಿಲು ಮುಚ್ಚಿದ ಕೋಣೆಯ ಹೊಗೆಗೂ ಇದಕ್ಕೂ ಹೋಲಿಕೆಯಿಲ್ಲ. ಹೀಗಿರುವಾಗ ಚದುರಿದ ಕೇಡು ಕೇಡೇ ಅಲ್ಲವೆನ್ನೋಣವೆ? ಸಿದ್ಧರಾಮನು ಸೊನ್ನಲಿಗೆಯಲ್ಲಿ ಕಟ್ಟಿಸಿದನೆಂದು ನಾವು ಮಕ್ಕಳಿಗೆ ಹೇಳುವ ಕೆರೆಯನ್ನೇ ತೆಗೆದುಕೊಳ್ಳೋಣ. ಒಬ್ಬನು ಅದರಲ್ಲಿ ಒಂದು ಹಿಡಿ ಕೊಳೆಯನ್ನು ಚೆಲ್ಲಿದರೆ ಯಾವ ನಾಲಿಗೆಗೂ ಅದು ತಿಳಿಯದು. ಹತ್ತು ಸಾವಿರ ಜನರು ಹಾಗೆಯೇ ಚೆಲ್ಲಿ, ಒಬ್ಬೊಬ್ಬನೂ ನನ್ನದು ಒಂದೇ ಹಿಡಿ ಎಂದರೆ, ಅವರ ಮಾತುಗಳೆಲ್ಲ ನಿಜವಾಗಿದ್ದರೂ ಕೆರೆ ಕೆಡುತ್ತದೆ. ನೀರಿನ ವಿಷಯದಲ್ಲಿ ಇದು ಬೇಗ ತಿಳಿಯುತ್ತದೆ. ಕೆರೆಗೆ ಏರಿಯುಂಟು, ಕೊಳೆ ದಡಕ್ಕೆ ಬಂದು ನಿಲ್ಲುತ್ತದೆ. ಹವೆಗೆ ಏರಿಯಿಲ್ಲ. ವರ್ಷದ ಬಹುಭಾಗ ನಮ್ಮ ಹೊಗೆ ನಾವು ಕಾಣದವರ ಕಡೆಗೆ ಹೋಗುತ್ತದೆ; ತೇವದ, ಗಾಳಿಯಿಲ್ಲದ ದಿನ ಮಾತ್ರ ಪರಿಚಿತರ ಮುಖದ ಮುಂದೆ ನಿಲ್ಲುತ್ತದೆ. ಹವೆಯ ತಂಪು ಅಂದು ಹೊಸ ತಪ್ಪನ್ನೇನೂ ಹುಟ್ಟಿಸಲಿಲ್ಲ. ಎಂದಿನದನ್ನೇ ಕಣ್ಣಿಗೆ ಕಾಣಿಸಿತು.

ಹಾಗಾದರೆ ಒಲೆಯ ಹೊಗೆ, ಬಸ್ಸಿನ ಹೊಗೆ? ಅವೂ ಈ ಲೆಕ್ಕಕ್ಕೆ ಬರುತ್ತವೆ. ಆದರೆ ಒಲೆಯಿಂದ ಊಟವೂ ಬಸ್ಸಿನಿಂದ ಪ್ರಯಾಣವೂ ಹತ್ತಾರು ಜನರಿಗೆ ಒದಗುತ್ತವೆ. ಚುಟ್ಟಾದಿಂದ ಒದಗುವ ಸುಖ ಒಬ್ಬನದು. ಆ ಸುಖವನ್ನು ನಾನು ಹೀಗಳೆಯಲಾರೆ. ದಿನವಿಡೀ ಗಂಟಲು ಸೋಲುವಂತೆ ಪಾಠ ಹೇಳಿದವನಿಗೆ ಅದೇ ಒಂದು ವಿಶ್ರಾಂತಿಯಾಗಿರಬಹುದು. ನನ್ನ ತಕರಾರು ಇಷ್ಟೇ: ಆ ಸುಖಕ್ಕೆ ಬಯಲನ್ನು ಜಾಮೀನು ಕೊಡಬಾರದು. ಶರಣರು ಬಯಲೆಂಬ ಮಾತನ್ನು ಎಷ್ಟೋ ಎತ್ತರದ ಅರ್ಥದಲ್ಲಿ ಬಳಸಿದರು. ಕಸ ಚೆಲ್ಲುವ ಜಾಗವೆಂದು ಬಳಸಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಶಿಕ್ಷಕನ ಕೆಲಸ ಸುಲಭವಾಗಿತ್ತು. ನಾವು ನಿಂತ ದಾರಿಯ ಮೇಲಿನ ಕುಂಭಾರಿಯಲ್ಲಿಯೇ ಬೀಡಿ ಕಟ್ಟುವ ಹೆಣ್ಣುಮಕ್ಕಳ ಹತ್ತು ಸಾವಿರ ಮನೆಗಳ ವಸಾಹತು ಎದ್ದಿದೆ. ಗೋದೂತಾಯಿ ಪರುಳೇಕರರ ಹೆಸರಿನ ಆ ವಸಾಹತನ್ನು 2006ರಲ್ಲಿ ಪ್ರಧಾನಿ ಮನಮೋಹನ ಸಿಂಗರು ಉದ್ಘಾಟಿಸಿದರು. ಹಿರಿಯರ ಬಾಯಲ್ಲಿ ತೇವವು ಕೇವಲ ಒಂದು ಕಿರುಕುಳ. ಇವರ ಕೈಯಲ್ಲಿ ಅದು ಬದುಕಿನ ಸೂತ್ರ. ಎಲೆ ಒಣಗಿದ್ದರೆ ಸುತ್ತುವಾಗ ಒಡೆಯುತ್ತದೆ. ಆದುದರಿಂದ ನೀರಿನಲ್ಲಿ ನೆನೆಸಿ, ಒದ್ದೆ ಗೋಣಿಯಲ್ಲಿ ಸುತ್ತಿಟ್ಟು, ತಗಡಿನ ಅಳತೆಯಿಟ್ಟು ಕತ್ತರಿಸಬೇಕು. ಕಟ್ಟಿದ ಮೇಲೆ ಅದೇ ತೇವ ಶತ್ರುವಾಗುತ್ತದೆ. ಮಳೆಗಾಲದಲ್ಲಿ ಬೂಷ್ಟು ಹಿಡಿದ ಬೀಡಿ ಯಾರಿಗೂ ಬೇಡ. ಎಣಿಸಿ ಕೊಟ್ಟವುಗಳಲ್ಲಿ ಕೆಲವನ್ನು ತೆಗೆದುಹಾಕಿದಾಗ ಆ ಕೂಲಿ ಯಾರ ಮೇಲೆ ಬೀಳಬೇಕು ಎಂಬ ಜಗಳ ಹಳೆಯದು. 1966ರ ಬೀಡಿ ಮತ್ತು ಸಿಗಾರು ಕೆಲಸಗಾರರ ಕಾಯಿದೆಯಲ್ಲಿ ತಿರಸ್ಕೃತ ಬೀಡಿಯ ತಕರಾರಿಗೇ ಒಂದು ಕಲಮು ಇಡಬೇಕಾಯಿತು.

ಬೀಡಿ ಕೆಲಸಗಾರರ ಮಕ್ಕಳಿಗೆ ಕೇಂದ್ರ ಸರಕಾರದ ವಿದ್ಯಾರ್ಥಿವೇತನವಿದೆ. ಓಢಣಿಯನ್ನು ಮೂಗಿಗೆ ಹಿಡಿದ ಹುಡುಗಿಯ ಅರ್ಜಿಯನ್ನು ಹಿಂದಿನ ವಾರವಷ್ಟೇ ನಾನು ನೋಡಿ ತಿದ್ದಿ ಕೊಟ್ಟಿದ್ದೆ. ತಂಬಾಕು ಕೆಟ್ಟದ್ದೆಂದು ಕರಿಹಲಗೆಯ ಮೇಲೆ ಬರೆದ ಕೈಯೇ ತಾಯಿಯ ಉದ್ಯೋಗವೆಂಬಲ್ಲಿ 'ಬೀಡಿ ಕಟ್ಟುವುದು' ಎಂದಿದ್ದುದನ್ನು ಸರಿಯಿದೆಯೆಂದು ಒಪ್ಪಿತು. ಇವೆರಡರಲ್ಲಿ ಯಾವುದೂ ಸುಳ್ಳಲ್ಲ. ನಾಳೆ ಎಲ್ಲರೂ ಸೇದುವುದನ್ನು ಬಿಟ್ಟರೆ ಆಕೆಯ ತಾಯಿಗೆ ಬೇರೆ ಯಾವ ಕೆಲಸವೆಂದು ಆ ಹುಡುಗಿ ನನ್ನನ್ನು ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ. ಆಕೆ ಹುಟ್ಟಿದಂದಿನಿಂದ ತಂಬಾಕಿನ ಧೂಳು ಆ ಮನೆಯೊಳಗೇ ಇದೆ. ಅದನ್ನು ನುಂಗಲು ಅಲ್ಲಿ ಬಯಲೂ ಇಲ್ಲ.

ಹಿರಿಯರೊಡನೆ ಇದನ್ನೆಲ್ಲ ನಾನು ಅಂದು ವಾದಿಸಲಿಲ್ಲ. "ಆ ಹುಡುಗಿಯ ತಾಯಿ ಬೀಡಿ ಕಟ್ಟತಾಳ್ರಿ" ಎಂದು ಮಾತ್ರ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಿದ್ದರ ಆಕಿಗೆ ಈ ವಾಸನಿ ರೂಢಿ ಇರಬೇಕಲ್ಲ?" ಎಂದರು. ಆಮೇಲೆ ತಮ್ಮ ಮಾತು ತಮಗೇ ಸರಿಬಾರದೆ, ಚುಟ್ಟಾ ಹಿಡಿದ ಕೈಯನ್ನು ಬೆನ್ನ ಹಿಂದೆ ಮಾಡಿ ದಾರಿಯ ಆಚೆಗೆ ಹೋಗಿ ನಿಂತರು. ಬಸ್ಸು ಬರುವವರೆಗೂ ಅಲ್ಲಿಯೇ ಇದ್ದರು.