ಕಾಮೆಂಟು ಹೊಡೆಯುವವರು ಯಾರು?

ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ ನಾಲ್ಕು ಹುಡುಗರು ನಿಂತಿರುತ್ತಾರೆ. ಮೀನಿನ ಬುಟ್ಟಿ ಹೊತ್ತ ಹೆಂಗಸೋ, ಕಾಲೇಜಿಗೆ ಹೊರಟ ಹುಡುಗಿಯೋ, ತಾನು ಹೆಣೆದ ಬುಟ್ಟಿ ಮಾರಲು ಬಂದ ಕೊರಗರ ಅಜ್ಜಿಯೋ ಎದುರಿಗೆ ಹಾದುಹೋಗುತ್ತಾರೆ. ಒಂದು ಮಾತು ಬೀಳುತ್ತದೆ. ನಾಲ್ವರೂ ನಗುತ್ತಾರೆ. ಕೇಳಿದರೆ, 'ಎಂತ ಮರ್ರೆ, ಬರೀ ಒಂದ್ ಕಾಮೆಂಟ್ ಅಲ್ದಾ?' ಎನ್ನುತ್ತಾರೆ.

ಇಂಗ್ಲಿಷಿನಲ್ಲಿ ಈ ಶಬ್ದಕ್ಕೆ ಅಭಿಪ್ರಾಯ, ಟಿಪ್ಪಣಿ, ವ್ಯಾಖ್ಯಾನ ಎಂಬ ಅರ್ಥಗಳಿವೆ. ನಮ್ಮ ಬೀದಿಯಲ್ಲಿ ಕಾಮೆಂಟನ್ನು 'ಹೊಡೆಯುತ್ತಾರೆ', ಕಲ್ಲು ಹೊಡೆದ ಹಾಗೆ. ಜನ ಆ ಶಬ್ದದ ನಿಜವಾದ ಕೆಲಸವನ್ನು ಸರಿಯಾಗಿಯೇ ಗುರುತಿಸಿದ್ದಾರೆ.

ಹಿಂದೆ ಶಾಸ್ತ್ರಗ್ರಂಥಕ್ಕೆ ಬರೆದ ವಿವರಣೆಗೆ 'ಟೀಕೆ' ಎಂದೇ ಹೆಸರಿತ್ತು. ಮಾಧ್ವರ ಜಯತೀರ್ಥರಿಗೆ ಟೀಕಾಚಾರ್ಯರೆಂಬ ಗೌರವ. ಟೀಕೆ ಬರೆಯುವುದು ವಿದ್ವತ್ತು, ಸರಿ. ಆದರೆ ಗ್ರಂಥ ಮುಟ್ಟುವ ಹಕ್ಕೇ ಇಲ್ಲದ ನಮ್ಮ ಅಜ್ಜಂದಿರು ಟೀಕೆ ಬರೆಯುವುದೆಲ್ಲಿ ಬಂತು? ಅವರ ಪಾಲಿಗೆ ಬಂದದ್ದು ಬೈಗುಳ ಮಾತ್ರ.

ಕೆಳಗಿನವನು ಬಾಯಿ ತೆರೆದರೆ ಏನಾಗುತ್ತದೆ ಎಂಬುದನ್ನು 1973 ತೋರಿಸಿತು. ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ಅದೂ ಒಂದು ಅಭಿಪ್ರಾಯವೇ. ಒಪ್ಪದವರು ವಾದ ಮಾಡಬಹುದಿತ್ತು. ಆದರೆ ಬೀದಿಗಳು ಉರಿದವು, ದಲಿತ ವಿದ್ಯಾರ್ಥಿಗಳಿಗೆ ಏಟು ಬಿದ್ದವು, ಬಸವಲಿಂಗಪ್ಪನವರು ಮಂತ್ರಿ ಪದವಿ ಬಿಡಬೇಕಾಯಿತು. ನಮ್ಮ ಜಾತಿಯ ಹೆಸರುಗಳನ್ನೇ ಬೈಗುಳ ಮಾಡಿಕೊಂಡವರಿಗೆ 'ಬೂಸಾ' ಎಂಬ ಒಂದು ಮಾತನ್ನು ತಡೆದುಕೊಳ್ಳಲು ಆಗಲಿಲ್ಲ!

ಹಾಗಾದರೆ ಯಾರೂ ಯಾರ ಬಗ್ಗೆಯೂ ಮಾತಾಡಬಾರದೆ? ನಾವು ಹಾಗೆನ್ನುವುದಿಲ್ಲ. ಮಾತಾಡದಿದ್ದರೆ ಬಂಡಾಯವೇ ಇಲ್ಲ. ನಾವು ಕೇಳುವುದು ಇಷ್ಟೆ: ಹೇಳಿಸಿಕೊಂಡವನು ತಿರುಗಿ ಹೇಳಬಲ್ಲನೆ? ಹೇಳಿದರೆ ಅವನ ಕೂಲಿ ಉಳಿಯುತ್ತದೆಯೆ? ಆಕೆ ನಾಳೆ ಅದೇ ದಾರಿಯಲ್ಲಿ ಹೆದರದೆ ನಡೆಯಬಲ್ಲಳೆ? ಇಲ್ಲವೆಂದಾದರೆ ಅದು ಅಭಿಪ್ರಾಯವಲ್ಲ, ದಬ್ಬಾಳಿಕೆ. ಸಾರ್ವಜನಿಕವಾಗಿ ಜಾತಿ ಹಿಡಿದು ಬೈಯುವುದನ್ನು 1989ರ ದೌರ್ಜನ್ಯ ತಡೆ ಕಾಯ್ದೆ ಅಪರಾಧವೆಂದಿದೆ. ನಗುತ್ತಾ ಆಡಿದ್ದಕ್ಕೆ ಸಾಕ್ಷಿ ಹೇಳಲು ಎಷ್ಟು ಮಂದಿ ಬರುತ್ತಾರೆ?

ಮೇಷ್ಟರೇ, ಸ್ಕಾಲರ್‌ಶಿಪ್ಪಿನ ಪಟ್ಟಿ ಓದುವಾಗ ನೀವು ಸುಮ್ಮನೆ ಸೇರಿಸುವ ಒಂದು ಮಾತಿಗೆ ಕೊನೆಯ ಬೆಂಚಿನ ಮಗು ತಲೆ ತಗ್ಗಿಸುತ್ತದೆ. ಅದು ನಿಮಗೆ ಏನೆಂದು ತಿರುಗಿ ಹೇಳೀತು?

ಇನ್ನು ನಾವು. ಸಭೆಯಲ್ಲಿ ಸಮಾನತೆಯ ಭಾಷಣ ಮಾಡಿ, ಹೊರಗೆ ಚಾ ಕುಡಿಯುತ್ತಾ ನಮ್ಮದೇ ಸಂಘಟನೆಯ ಅಕ್ಕತಂಗಿಯರ ಬಗ್ಗೆ ಪಿಸುಗುಟ್ಟಿ ನಕ್ಕಿದ್ದೇವೆ. ಬಸ್‌ಸ್ಟ್ಯಾಂಡಿನ ಆ ನಾಲ್ವರಲ್ಲಿ ನಾವೂ ಇದ್ದೆವು. ಅವರು ಎದ್ದು ನಿಂತು ನಮ್ಮ ಮೇಲೆ ಟೀಕೆ ಮಾಡುವಾಗ ಬಾಯಿ ಮುಚ್ಚಿ ಕೇಳುವುದನ್ನು ನಾವು ಮೊದಲು ಕಲಿಯಬೇಕು.