ಸೋತದ್ದು ಯಾವುದು?

ದೇಹವನ್ನು ಸೆರೆಯಲ್ಲಿಡಬಹುದು, ಅಂತರಂಗವನ್ನು ಸೆರೆಹಿಡಿಯಲಾಗದು ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ, ನಂಬಿದ್ದೇವೆ. ಆ ನಂಬಿಕೆಯನ್ನೇ ಬುಡಸಹಿತ ಅಲುಗಿಸುವ ಕೃತಿಯೊಂದುಂಟು. ಬಿಹಾರದ ಮೋತಿಹಾರಿಯಲ್ಲಿ 1903ರಲ್ಲಿ ಜನಿಸಿದ ಆಂಗ್ಲ ಲೇಖಕ ಜಾರ್ಜ್ ಆರ್ವೆಲ್ ಕ್ಷಯರೋಗದಿಂದ ಬಳಲುತ್ತಲೇ ಬರೆದು 1949ರಲ್ಲಿ ಪ್ರಕಟಿಸಿದ ‘ನೈನ್‌ಟೀನ್ ಎಯ್ಟಿಫೋರ್’ ಕಾದಂಬರಿಯೇ ಅದು.

‘ದೊಡ್ಡಣ್ಣ’ನ ಹೆಸರಿನಲ್ಲಿ ನಡೆಯುವ ಸರ್ವಾಧಿಕಾರದ ರಾಜ್ಯದಲ್ಲಿ ವಿನ್‌ಸ್ಟನ್ ಸ್ಮಿತ್‌ನಿಗೆ ಹಳೆಯ ಪತ್ರಿಕೆಗಳ ಸತ್ಯವನ್ನು ತಿದ್ದಿ ಸುಳ್ಳಾಗಿಸುವುದೇ ಉದ್ಯೋಗ. ನಮ್ಮ ಬಾಯಿಂದ ಏನನ್ನಾದರೂ ಹೇಳಿಸಬಹುದು, ಆದರೆ ನಮ್ಮ ಒಳಗನ್ನು ಹೊಗಲಾರರು ಎಂಬುದು ಅವನ ಮತ್ತು ಅವನ ಪ್ರೇಯಸಿ ಜೂಲಿಯಾಳ ಭರವಸೆಯಾಗಿತ್ತು. ಕೊನೆಗೆ 101ನೆಯ ಕೊಠಡಿಯಲ್ಲಿ ಹಸಿದ ಇಲಿಗಳ ಪಂಜರವನ್ನು ಮುಖದೆದುರು ತಂದಾಗ, ಈ ಶಿಕ್ಷೆ ಜೂಲಿಯಾಳಿಗಾಗಲಿ ಎಂದು ಅವನೇ ಕೂಗಿಕೊಳ್ಳುತ್ತಾನೆ. ಬಿಡುಗಡೆಯಾದ ಮೇಲೆ ಮದ್ಯದ ಲೋಟದ ಮುಂದೆ ಕುಳಿತು, ತನ್ನನ್ನು ಮುರಿದ ದೊಡ್ಡಣ್ಣನನ್ನೇ ಪ್ರೀತಿಸತೊಡಗುತ್ತಾನೆ. ಕಥೆ ಅಲ್ಲಿಗೆ ಮುಗಿಯುತ್ತದೆ.

ಇದನ್ನೋದಿದವರು ಸಾಮಾನ್ಯವಾಗಿ ಆ ಕೊಠಡಿಯ ಕೂಗನ್ನೇ ಅವನ ಸೋಲೆಂದು ಎಣಿಸುತ್ತಾರೆ. ಆದರೆ ಸಹಿಸಲಾಗದ ಭಯದಲ್ಲಿ ಹೊರಟ ಚೀತ್ಕಾರಕ್ಕೆ ನೀತಿಯ ತಕ್ಕಡಿ ಹಿಡಿಯುವುದು ನ್ಯಾಯವೇ? ಅದು ಹಿಂಸಿಸಿದವನ ಪಾಪವೇ ಹೊರತು ಹಿಂಸೆಗೀಡಾದವನದಲ್ಲ. ನಿಜವಾದ ಸೋಲು ಕೊನೆಯ ಅಧ್ಯಾಯದಲ್ಲಿ, ಸದ್ದಿಲ್ಲದೆ ಬರುತ್ತದೆ. ಬಾಲ್ಯದ ಒಂದು ಮಳೆಯ ದಿನ ತಾಯಿಯೊಡನೆ ಹಾವು-ಏಣಿಯಾಟವಾಡಿ ನಕ್ಕ ನೆನಪು ಅವನಲ್ಲಿ ಉದಿಸುತ್ತದೆ. ಇದು ಸುಳ್ಳು ನೆನಪು ಎಂದು ಅವನೇ ಅದನ್ನು ತಳ್ಳಿಬಿಡುತ್ತಾನೆ! ಆಗ ಪಂಜರವಿಲ್ಲ, ಎದುರಿಗೆ ಪೀಡಕನೂ ಇಲ್ಲ. ತನ್ನ ಪಾಲಿನ ಸತ್ಯಕ್ಕೆ ತಾನೇ ಸಾಕ್ಷಿಯಾಗಲು ಅಸಮರ್ಥನಾಗುವುದಕ್ಕಿಂತ ದೊಡ್ಡ ಮರಣ ಬೇರೆ ಯಾವುದು?

ಹಾಗಾದರೆ ಅಂತರಂಗ ಅಜೇಯವಲ್ಲವೇ? ಒಬ್ಬಂಟಿಯ ಅಂತರಂಗ ಅಜೇಯವಲ್ಲ ಎಂದೇ ಒಪ್ಪಬೇಕಾಗುತ್ತದೆ. ಆ ರಾಜ್ಯ ವಿನ್‌ಸ್ಟನ್‌ನನ್ನು ಮುರಿಯುವುದಕ್ಕೆ ಬಹಳ ಹಿಂದೆಯೇ ಮನುಷ್ಯ ಮನುಷ್ಯರ ನಡುವಣ ಬಂಧಗಳನ್ನು ಕತ್ತರಿಸಿತ್ತು. ಅವನ ನೆರೆಯ ಪಾರ್ಸನ್ಸ್‌ನನ್ನು ಹಿಡಿದುಕೊಟ್ಟವಳು ಸ್ವಂತ ಮಗಳು. ಅದಕ್ಕಾಗಿ ಆ ತಂದೆ ಹೆಮ್ಮೆಪಡುತ್ತಾನೆ! ‘ಹೌದು, ಅದು ನಡೆದದ್ದು ನಿಜ, ನಾನೂ ಕಂಡಿದ್ದೆ’ ಎನ್ನುವ ಇನ್ನೊಬ್ಬರಿಲ್ಲದ ಕಡೆ ನೆನಪು ಎಷ್ಟು ಕಾಲ ನಿಂತೀತು?

ಕಾದಂಬರಿಯ ಬೆನ್ನಿಗೆ ಆ ರಾಜ್ಯದ ಕೃತಕ ಭಾಷೆಯನ್ನು ಕುರಿತ ಅನುಬಂಧವೊಂದಿದೆ. ಅದು ಭೂತಕಾಲದಲ್ಲಿದೆ, ಆ ಆಳ್ವಿಕೆ ಎಂದೋ ಅಳಿದುಹೋಯಿತೆಂಬ ಸೂಚನೆಯನ್ನು ಹಲವರು ಅದರಲ್ಲಿ ಕಂಡಿದ್ದಾರೆ. ಅಮೆರಿಕದ ಪುಸ್ತಕ ಸಂಘವೊಂದು ಆ ಭಾಗವನ್ನು ಕೈಬಿಡಲು ಕೇಳಿದಾಗ ಆರ್ವೆಲ್ ಒಪ್ಪಲಿಲ್ಲ. ಆದರೂ ಆ ಆಶಾಕಿರಣವನ್ನೇ ನೆಚ್ಚಿ ಕೂರುವುದು ತರವಲ್ಲ.

101ನೆಯ ಕೊಠಡಿಯಲ್ಲಿ ಧೀರರಾಗಿರುತ್ತೇವೆಂದು ಪ್ರತಿಜ್ಞೆಮಾಡಲು ನಮ್ಮಲ್ಲಿ ಯಾರಿಗೂ ಅಧಿಕಾರವಿಲ್ಲ. ಅಂಥ ಕೊಠಡಿ ಕಟ್ಟಲ್ಪಡುವ ಮುನ್ನ ನೆರೆಯವನ ಸತ್ಯಕ್ಕೆ ಸಾಕ್ಷಿಯಾಗಿ ನಿಲ್ಲುವುದು ಮಾತ್ರ ನಮ್ಮ ಕೈಯಲ್ಲಿದೆ. ಇಂದು ಅವನ ಪರವಾಗಿ ಆಡದೆ ನುಂಗಿಕೊಂಡ ಮಾತು, ನಾಳೆ ನಮ್ಮ ನೆನಪಿಗೆ ಸಾಕ್ಷಿಯಿಲ್ಲದಂತೆ ಮಾಡೀತು.